‘ತೋಟಕ್ಕೆ ಕೊಟ್ಟುಬಿಡ್ತೀವಿ’ ಅನ್ನುವ ಮುಂಚೆ: ಸಾಕಿದ ನಾಯಿಗೆ ಬೇರೆ ಮನೆ ಹುಡುಕುವ ಬಗೆ

ಏಪ್ರಿಲ್, ಮೇ ಬಂತೆಂದರೆ ನಮ್ಮ ಕ್ಲಿನಿಕ್ಕಿನ ಫೋನಿಗೆ ಎರಡು ಥರದ ಕರೆ ಜಾಸ್ತಿ. ಒಂದು, ಉಣ್ಣೆ ಕಚ್ಚಿ ಜ್ವರ ಬಂದ ನಾಯಿಗಳದ್ದು. ಇನ್ನೊಂದು, "ಮೇಡಂ, ನಮ್ಮನೇಲಿ ಒಂದು ಲ್ಯಾಬ್ ಇದೆ, ಮೂರು ವರ್ಷ, ತುಂಬಾ ಒಳ್ಳೇದು. ಯಾರಾದ್ರೂ ಸಾಕೋರಿದ್ರೆ ಹೇಳಿ" ಅನ್ನುವುದು. ವರ್ಗಾವಣೆಯ ಕಾಲ, ಬಾಡಿಗೆ ಮನೆ ಬದಲಿಸುವ ಕಾಲ, ಮಗ ಬೆಂಗಳೂರಿಗೋ ಜರ್ಮನಿಗೋ ಹೊರಡುವ ಕಾಲ. ನಾನು ಡಾಕ್ಟರಲ್ಲ; ಮೈಸೂರಿನ ಒಂದು ಖಾಸಗಿ ಪಶು ಚಿಕಿತ್ಸಾಲಯದಲ್ಲಿ ಕೌಂಟರ್ ನೋಡಿಕೊಳ್ಳುವವಳು. ಚೀಟಿ ಬರೆಯುವುದು, ಲಸಿಕೆ ಕಾರ್ಡಿಗೆ ಸ್ಟಿಕ್ಕರ್ ಅಂಟಿಸುವುದು, ಅಳುವವರಿಗೆ ನೀರು ಕೊಡುವುದು ನನ್ನ ಕೆಲಸ. ಮನೆ ಬದಲಿಸಬೇಕಾದ ನಾಯಿಗಳನ್ನು ನಮ್ಮ ಹಿತ್ತಲಲ್ಲಿ ಕೆಲವು ವಾರ ಇಟ್ಟುಕೊಂಡು ಕಳಿಸುವುದು ಈ ಕೆಲಸದ ಜೊತೆಗೇ ಅಂಟಿಕೊಂಡ ಚಟ.

ಫೋನ್ ಮಾಡಿದವರಿಗೆಲ್ಲ ನಾನು ಮೊದಲು ಕೇಳುವುದು, "ಯಾವತ್ತೊಳಗೆ ಕೊಡ್ಬೇಕು?" ಅಂತ. "ಈ ಭಾನುವಾರ" ಅಂದರೆ ನನಗೆ ಭಯ. ಕೈಯಲ್ಲಿ ಎರಡು ತಿಂಗಳಿದ್ದರೆ ಒಳ್ಳೆಯ ಮನೆ ಸೇರುವ ನಾಯಿ, ಎರಡೇ ದಿನವಿದ್ದರೆ ಯಾರು ಮೊದಲು ಬಂದರೋ ಅವರ ಪಾಲಾಗುತ್ತದೆ. ಮೊದಲು ಬರುವವರಲ್ಲಿ ಯಾರ್ಯಾರಿರುತ್ತಾರೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಊರು ಬಿಡುವ ವಿಷಯ ಗೊತ್ತಾದ ದಿನವೇ ಈ ಕೆಲಸ ಶುರುಮಾಡಿ. ಸಾಮಾನು ಸಾಗಿಸುವ ಲಾರಿಯವನನ್ನು ಆಮೇಲೆ ನೋಡಿಕೊಳ್ಳಬಹುದು.

ಕೊಡಲೇಬೇಕಾ?

ಇದನ್ನು ಕೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೂ ಕೇಳುತ್ತೇನೆ. ಯಾಕೆಂದರೆ ಬರುವ ಕಾರಣಗಳಲ್ಲಿ ಎಷ್ಟೋ ಕಾರಣಗಳಿಗೆ ಬೇರೆ ದಾರಿ ಇದೆ.

"ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ನಾಯಿ ಇಡಬಾರದು ಅಂತಿದಾರೆ" ಅನ್ನುವವರಿಗೆ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಮೀಟಿಂಗ್ ಮಾಡಿ ಬಹುಮತದಿಂದ ಪಾಸು ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವ ಅಧಿಕಾರ ಅಸೋಸಿಯೇಷನ್‌ಗೆ ಇಲ್ಲ. ಆ ಮಾರ್ಗಸೂಚಿಯ ಒಂದು ಪ್ರತಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟ ಮೇಲೆ ಮಾತಿನ ಧಾಟಿ ಬದಲಾದದ್ದನ್ನು ನೋಡಿದ್ದೇನೆ. ಬಾಡಿಗೆ ಮನೆಯ ಓನರ್ ವಿಷಯ ಬೇರೆ. ಅಲ್ಲಿ ಕರಾರುಪತ್ರದಲ್ಲಿ ಏನಿದೆಯೋ ಅದೇ.

"ಸೊಸೆಗೆ ಎಂಟು ತಿಂಗಳು, ಕೂದಲು ಮಗುವಿನ ಹೊಟ್ಟೆಗೆ ಹೋದರೆ?" ಅನ್ನುವ ಅತ್ತೆಯರಿಗೆ ನಮ್ಮ ಡಾಕ್ಟರೇ ಹೇಳಬೇಕು, ನನ್ನ ಮಾತು ನಡೆಯುವುದಿಲ್ಲ. ಲಸಿಕೆ, ಮೂರು ತಿಂಗಳಿಗೊಮ್ಮೆ ಜಂತುಹುಳಿನ ಔಷಧಿ, ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ದೊಡ್ಡವರಿಲ್ಲದೆ ಬಿಡದಿರುವುದು, ಇಷ್ಟರಲ್ಲಿ ಹೆಚ್ಚಿನ ಮನೆಗಳು ಸುಧಾರಿಸಿಕೊಳ್ಳುತ್ತವೆ.

ಉತ್ತರದ ಕಡೆಗೆ ವರ್ಗವಾದವರಿಗೆ ರೈಲಿದೆ. ಏಸಿ ಫಸ್ಟ್ ಕ್ಲಾಸಿನಲ್ಲಿ ಪೂರ್ತಿ ಕೂಪೆಯನ್ನು ನೀವೇ ಬುಕ್ ಮಾಡಿದರೆ ನಾಯಿ ಜೊತೆಗೇ ಬರಬಹುದು. ಇಲ್ಲವಾದರೆ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಪೆಟ್ಟಿಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ, ಬೇಸಿಗೆಯಲ್ಲಂತೂ ಬೇಡವೇ ಬೇಡ.

ಇದ್ದಕ್ಕಿದ್ದಂತೆ ಗುರ್ ಅನ್ನಲು, ಕಚ್ಚಲು ಶುರುಮಾಡಿದ ನಾಯಿಯನ್ನು ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಕಿವಿ ಸೋರುತ್ತಿರಬಹುದು, ಹಲ್ಲು ಹುಳುಕಾಗಿರಬಹುದು, ಸೊಂಟದ ಕೀಲು ಸವೆದಿರಬಹುದು. ನೋವಿರುವ ನಾಯಿ ಮುಟ್ಟಿಸಿಕೊಳ್ಳುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಆದಮೇಲೂ ಕೊಡಲೇಬೇಕಾದವರು ಇದ್ದೇ ಇರುತ್ತಾರೆ. ಗಂಡ ಹೋದ ಮೇಲೆ ನಲವತ್ತು ಕೆಜಿಯ ಲ್ಯಾಬ್ ಹಿಡಿಯಲಾಗದ ಎಪ್ಪತ್ತರ ಅಮ್ಮ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು, ಮನೆಯೇ ಒಡೆದು ಎರಡಾದವರು. ಇವರಿಗೆ ಬುದ್ಧಿ ಹೇಳಲು ಹೋಗುವ ಪ್ರಾಣಿಪ್ರಿಯರನ್ನು ಕಂಡರೆ ನನಗಾಗುವುದಿಲ್ಲ. ಬೈಸಿಕೊಂಡವರು ಇನ್ನೊಬ್ಬರನ್ನು ಕೇಳುವುದಿಲ್ಲ. ರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಎಲ್ಲಾದರೂ ಇಳಿಸಿ ಬರುತ್ತಾರೆ.

ರಸ್ತೆ, ಆಶ್ರಮ, ತೋಟ

ಚಾಮುಂಡಿ ಬೆಟ್ಟದ ತಪ್ಪಲು, ರಿಂಗ್ ರೋಡ್, ಮಾಂಸದಂಗಡಿಯ ಹಿಂಭಾಗ. ‘ಅಲ್ಲಿ ಊಟ ಸಿಗುತ್ತೆ’ ಅನ್ನುವ ಸಮಾಧಾನದಿಂದ ಬಿಟ್ಟು ಬರುತ್ತಾರೆ. ಬೀದಿನಾಯಿಗಳಿಗೆ ಒಂದೊಂದು ಬೀದಿಯೂ ಹಂಚಿಕೆಯಾಗಿರುತ್ತದೆ. ಸೋಫಾ ಮೇಲೆ ಮಲಗಿದ ನಾಯಿಗೆ ಆ ಗಡಿ ತಿಳಿಯದು, ಬಾಲ ಮುದುರಿ ಶರಣಾಗುವ ಭಾಷೆಯೂ ಮರೆತಿರುತ್ತದೆ. ಅಟ್ಟಿಸಿಕೊಂಡು ಬಂದಾಗ ರಸ್ತೆಗೆ ನುಗ್ಗುತ್ತದೆ. ನಮ್ಮಲ್ಲಿಗೆ ಬರುವ ಆಕ್ಸಿಡೆಂಟ್ ನಾಯಿಗಳಲ್ಲಿ ಕೊರಳಿಗೆ ಬೆಲ್ಟಿನ ಗುರುತು ಇನ್ನೂ ಮಾಸಿರದವೂ ಇರುತ್ತವೆ. ಕಾನೂನು ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. 50 ರೂಪಾಯಿಗೆ ಇವತ್ತು ಒಂದು ಗಟ್ಟಿ ಬೆಲ್ಟೂ ಬರುವುದಿಲ್ಲ, ಹಾಗಾಗಿ ಕಾನೂನಿಗೆ ಹೆದರಿ ಯಾರಾದರೂ ನಿಂತಾರು ಅನ್ನುವ ಭ್ರಮೆ ನನಗಿಲ್ಲ.

ಎರಡನೆಯದು ಆಶ್ರಮ, ಅಂದರೆ ಪ್ರಾಣಿಗಳ ಶೆಲ್ಟರ್. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾದಂಥ ಸಂಸ್ಥೆಗಳಿವೆ, ಮೈಸೂರು, ಮಂಗಳೂರಿನಲ್ಲೂ ಇವೆ. ಆದರೆ ಯಾವ ಶೆಲ್ಟರಿಗೆ ಹೋದರೂ ಜಾಗ ಮೊದಲು ಗಾಯಗೊಂಡವಕ್ಕೆ, ಗತಿಯಿಲ್ಲದವಕ್ಕೆ. ಆರೋಗ್ಯವಾಗಿರುವ ಮನೆನಾಯಿಯನ್ನು ಅವರು ಬೇಡವೆಂದರೆ ಅದು ದರ್ಪವಲ್ಲ. ಒಂದು ವೇಳೆ ತೆಗೆದುಕೊಂಡರೂ, ಹಗಲಿಡೀ ಬೊಗಳಾಟದ ನಡುವೆ ಸಿಮೆಂಟ್ ನೆಲದ ಕೋಣೆಯಲ್ಲಿ ನಿಮ್ಮ ನಾಯಿ ಊಟ ಬಿಟ್ಟು ಕೂತುಬಿಡುವುದು ಸಾಮಾನ್ಯ. ಲಸಿಕೆ ಪೂರ್ತಿಯಾಗದ ಮರಿಯಾದರೆ ಪಾರ್ವೊ (ವಾಂತಿ, ರಕ್ತಭೇದಿ ತಂದು ಮರಿಗಳನ್ನು ಕೊಲ್ಲುವ ಕಾಯಿಲೆ) ಭಯ ಬೇರೆ. ಆ ವೈರಸ್ಸು ಮಣ್ಣಿನಲ್ಲಿ, ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಸಾಯುವುದಿಲ್ಲ, ಬ್ಲೀಚ್ ದ್ರಾವಣವೇ ಬೇಕು. ಶೆಲ್ಟರಿನವರನ್ನು ಕೇಳಬೇಕಾದ್ದು ಬೇರೆ ಸಹಾಯ: "ನಾಯಿ ನಮ್ಮನೇಲೇ ಇರುತ್ತೆ, ನಿಮ್ಮ ಅಡಾಪ್ಷನ್ ಪಟ್ಟಿಗೆ ಇದರ ಫೋಟೋ ಹಾಕ್ತೀರಾ?" ಇದಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

ಮೂರನೆಯದೇ ತೋಟ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮನಸ್ಸಿನವರು ಹೆಚ್ಚಾಗಿ ಬೀಳುವ ಗುಂಡಿ ಇದು.

ಮೈಸೂರಿನಲ್ಲಿ ಎಲ್ಲರಿಗೂ ಒಬ್ಬ ನೆಂಟರ ತೋಟ ಇರುತ್ತದೆ. ಹುಣಸೂರಿನ ಕಡೆ, ನಂಜನಗೂಡಿನ ಕಡೆ, ಸ್ವಲ್ಪ ಸ್ಥಿತಿವಂತರಾದರೆ ಕೊಡಗಿನ ಎಸ್ಟೇಟು. "ಅಲ್ಲಾದ್ರೆ ಆರಾಮಾಗಿ ಓಡಾಡ್ಕೊಂಡಿರುತ್ತೆ ಮೇಡಂ." ಫ್ಲ್ಯಾಟಿನಲ್ಲಿ ಬೆಳೆದ ನಾಯಿ ತೋಟದಲ್ಲಿ ಏನೇನು ಎದುರಿಸಬೇಕು ಅನ್ನುವುದನ್ನು ಕೇಳಿ. ಮೊದಲು ಚಿರತೆ. ಊರಂಚಿನ ಚಿರತೆಗಳು ಬದುಕುವುದೇ ಬಹುಪಾಲು ನಾಯಿ, ಕುರಿ, ಮೇಕೆಗಳ ಮೇಲೆ. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಗೆ, 2023ರ ಆರಂಭದಲ್ಲಿ ಚಿರತೆಗಳು ಮನುಷ್ಯರನ್ನೇ ಕೊಂದಿದ್ದವು. 2024ರ ಡಿಸೆಂಬರ್ 31ರಂದು ಇದೇ ಮೈಸೂರಿನ ಇನ್ಫೋಸಿಸ್ ಆವರಣದೊಳಗೆ ಚಿರತೆ ಕಾಣಿಸಿಕೊಂಡು ನೌಕರರನ್ನು ಮನೆಯಿಂದಲೇ ಕೆಲಸ ಮಾಡಿ ಅಂದರು. ಹಾಗಿರುವಾಗ ರಾತ್ರಿ ಪಂಪ್‌ಹೌಸಿನ ಪಕ್ಕ ಚೈನಿನಲ್ಲಿ ಕಟ್ಟಿದ ನಾಯಿ ಚಿರತೆಗೆ ತಟ್ಟೆಯಲ್ಲಿ ಬಡಿಸಿಟ್ಟ ಊಟ.

ಆಮೇಲೆ ಬೇಲಿ. ಕಾಡುಹಂದಿಗೆ ಒಡ್ಡಿದ ಉರುಳು, ಹಂದಿಗೆಂದೇ ಇಟ್ಟ ಸಿಡಿಮದ್ದು. ಇವೆರಡೂ ಕಾನೂನುಬಾಹಿರವಾದರೂ ಇವೆ, ಮೂಸುತ್ತ ಹೋಗುವ ನಾಯಿಗೆ ಅದು ಗೊತ್ತಾಗುವುದಿಲ್ಲ. ಗದ್ದೆಬದುವಿನ ನಾಗರಹಾವು, ಕೊಳಕುಮಂಡಲ. ಔಷಧಿ ಹೊಡೆದ ಡಬ್ಬದ ನೀರು. ನಮ್ಮ ಪೇಟೆಯ ನಾಯಿ ಪಕ್ಕದ ತೋಟದ ಕೋಳಿ ಹಿಡಿದರೆ, ಎರಡನೇ ಕೋಳಿಗೆ ಕಾಯದೆ ಮಾಂಸದಲ್ಲಿ ವಿಷ ಬೆರೆಸಿಡುವವರಿದ್ದಾರೆ. ನಾಯಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು, ಆದರೆ ಅಷ್ಟು ದೂರದ ತೋಟಕ್ಕೆ ಸಾಕ್ಷಿ ಹೇಳಲು ಯಾರು ಹೋಗುತ್ತಾರೆ? ಇವೆಲ್ಲದಕ್ಕಿಂತ ದೊಡ್ಡ ತೊಂದರೆ, ಯಜಮಾನರು ಅಲ್ಲಿರುವುದಿಲ್ಲ. ಅವರು ಬರುವುದು ಶನಿವಾರ ಭಾನುವಾರ. ಮಿಕ್ಕ ದಿನ ನಾಯಿ ತೋಟ ನೋಡಿಕೊಳ್ಳುವ ಆಳಿನ ಸಂಸಾರದ ಪಾಲು. ಆ ಸಂಸಾರ ಬೇರೆ ತೋಟಕ್ಕೆ ಹೋದ ದಿನ ನಾಯಿ ಯಾರದ್ದೂ ಅಲ್ಲ.

ತೋಟಕ್ಕೆ ಕೊಡಲೇಬೇಡಿ ಅನ್ನುತ್ತಿಲ್ಲ. ನಾಯಿಯನ್ನು ಮನೆಯೊಳಗೆ ಮಲಗಿಸಿಕೊಳ್ಳುವ, ವರ್ಷಕ್ಕೊಮ್ಮೆ ತಪ್ಪದೆ ಲಸಿಕೆಗೆ ಜೀಪಿನಲ್ಲಿ ಹತ್ತಿಸಿಕೊಂಡು ಬರುವ ತೋಟದವರು ನಮ್ಮ ಕ್ಲಿನಿಕ್ಕಿಗೇ ಬರುತ್ತಾರೆ. ಅಂಥವರನ್ನು ಕಂಡುಹಿಡಿಯಲು ಒಂದೇ ಪ್ರಶ್ನೆ ಸಾಕು: "ರಾತ್ರಿ ನಾಯಿ ಎಲ್ಲಿ ಮಲಗುತ್ತೆ?" ಉತ್ತರ ‘ಹೊರಗೆ’ ಅಂತ ಬಂದರೆ ನಮಸ್ಕಾರ ಹೇಳಿ ಫೋನ್ ಇಡಿ.

ನಾಯಿಯನ್ನು ಸಿದ್ಧ ಮಾಡುವುದು

ಮೊದಲು ಮರಿಯಾಗದಂತೆ ಮಾಡಿಸುವ ಆಪರೇಷನ್. ಹೆಣ್ಣಾದರಂತೂ ಆಪರೇಷನ್ ಆಗದೆ ಮನೆಯ ಹೊಸ್ತಿಲು ದಾಟಿಸಬೇಡಿ. "ಅವರೇ ಮಾಡಿಸ್ಕೋತೀವಿ ಅಂದಿದಾರೆ" ಅನ್ನುವ ಮಾತಿಗೆ ಬೆಲೆಯಿಲ್ಲ. ಪಗ್, ಶಿಟ್ಜು, ಲ್ಯಾಬ್, ಹಸ್ಕಿ ಹೆಣ್ಣುಗಳನ್ನು ‘ಸಾಕ್ತೀವಿ’ ಎಂದು ಬಿಟ್ಟಿಯಾಗಿ ಒಯ್ದು, ಬೆದೆಗೆ ಬಂದಾಗಲೆಲ್ಲ ಕ್ರಾಸ್ ಮಾಡಿಸಿ ಮರಿ ಮಾರುವವರಿದ್ದಾರೆ. ನಾಯಿಯ ಗರ್ಭ ಸುಮಾರು 63 ದಿನ. ವರ್ಷಕ್ಕೆ ಎರಡು ಸಲ ಅಂತ ಲೆಕ್ಕ ಹಾಕಿ. ಮೈ ಸೋತ ಮೇಲೆ ಅದೇ ನಾಯಿ ರಿಂಗ್ ರೋಡಿನಲ್ಲಿ ಕೆಚ್ಚಲು ಜೋತುಬಿದ್ದು ಸಿಗುತ್ತದೆ. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹಿತ್ತಲಲ್ಲಿ ಮರಿ ಮಾಡಿಸುವವರು ಇದನ್ನು ಓದಿದಂತಿಲ್ಲ. ಆಪರೇಷನ್ ಆದ ಹೆಣ್ಣು ಅವರಿಗೆ ಬೇಡ. ಜಾಹೀರಾತಿನಲ್ಲಿ ‘ಆಪರೇಷನ್ ಆಗಿದೆ’ ಎಂಬ ಎರಡು ಪದ ಸೇರಿಸಿದರೆ ಬರುವ ಕರೆಗಳು ಅರ್ಧಕ್ಕಿಳಿಯುತ್ತವೆ. ಇಳಿಯಲಿ.

ಬೆದೆಯಲ್ಲಿದ್ದಾಗ ಸಾಮಾನ್ಯವಾಗಿ ಡಾಕ್ಟರು ಆಪರೇಷನ್ ಮಾಡುವುದಿಲ್ಲ, ಮುಗಿಯುವವರೆಗೆ ಕಾಯಿಸುತ್ತಾರೆ. ಆಮೇಲೆ ಹೊಲಿಗೆ ಒಣಗಲು ಹತ್ತು ಹನ್ನೆರಡು ದಿನ. ಎರಡು ತಿಂಗಳು ಬೇಕೆಂದು ಶುರುವಿನಲ್ಲಿ ಹೇಳಿದ್ದು ಇದಕ್ಕೂ ಸೇರಿ.

ನಂತರ ರೇಬಿಸ್ ಲಸಿಕೆ, ಪಾರ್ವೊದಂಥ ಹಲವು ಕಾಯಿಲೆಗೆ ಒಟ್ಟಿಗೆ ಹಾಕುವ ಕಂಬೈಂಡ್ ಲಸಿಕೆ, ಜಂತುಹುಳಿನ ಔಷಧಿ, ಉಣ್ಣೆಯ ಔಷಧಿ. ಸಾಧ್ಯವಾದರೆ ಒಂದು ರಕ್ತ ಪರೀಕ್ಷೆ. ನಮ್ಮ ಕಡೆ ಉಣ್ಣೆ ಜ್ವರ ಎಷ್ಟೋ ನಾಯಿಗಳ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಹೊಸ ಮನೆಗೆ ಹೋದ ಗಾಬರಿಗೆ ಮೈ ಸೋತಾಗ ಎದ್ದು ಕೂರುತ್ತದೆ. ಅಲ್ಲಿಗೆ ಹೋದ ಒಂದು ವಾರದೊಳಗೇ ಜ್ವರ, ಮೂಗಿನಲ್ಲಿ ರಕ್ತ. ಹೊಸಬರು "ಕಾಯಿಲೆ ನಾಯಿ ಗಂಟುಹಾಕಿದ್ರು" ಅನ್ನುತ್ತಾರೆ, ಅನ್ನುವುದರಲ್ಲಿ ತಪ್ಪೂ ಇಲ್ಲ. ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರು ಯಾರ ಹೆಸರಿನಲ್ಲಿದೆ ನೋಡಿ. ಪಾಲಿಕೆಯ ಲೈಸೆನ್ಸ್ ಇದ್ದರೆ ಅದನ್ನೂ. ಕೊಟ್ಟ ಮೇಲೆ ಎರಡನ್ನೂ ಹೊಸಬರ ಹೆಸರಿಗೆ ಮಾಡಿಸಬೇಕು.

ಜಾಹೀರಾತು

ವಧೂವರರ ಅಂಕಣದ ಭಾಷೆ ಬೇಡ. ‘ತುಂಬಾ ಮುದ್ದು, ಯಾರಿಗೂ ತೊಂದರೆ ಕೊಡಲ್ಲ’ ಎಂದು ಬರೆದರೆ ಎಲ್ಲರೂ ಫೋನ್ ಮಾಡುತ್ತಾರೆ, ಸರಿಯಾದವರು ಯಾರೆಂದು ಗೊತ್ತಾಗುವುದಿಲ್ಲ. ನಾನು ಬರೆಸುವುದು ಹೀಗೆ:

"ಹೆಣ್ಣು ಲ್ಯಾಬ್, ನಾಲ್ಕು ವರ್ಷ. ಆಪರೇಷನ್ ಆಗಿದೆ, ಲಸಿಕೆ ಕಾರ್ಡ್ ಇದೆ. ಮಕ್ಕಳ ಜೊತೆ ಚೆನ್ನಾಗಿರುತ್ತಾಳೆ, ಬೆಕ್ಕು ಕಂಡರೆ ಬಿಡುವುದಿಲ್ಲ. ಊಟದ ತಟ್ಟೆಗೆ ಕೈ ಹಾಕಿದರೆ ಗುರ್ ಅನ್ನುತ್ತಾಳೆ. ಪಟಾಕಿಗೆ ವಿಪರೀತ ಭಯ. ಮೈಸೂರು, ಮಂಡ್ಯದವರು ಮಾತ್ರ. ಮನೆ ನೋಡಿದ ಮೇಲೆ ಕೊಡುತ್ತೇವೆ."

‘ಉಚಿತ’ ಅನ್ನುವ ಪದ ಎಲ್ಲೂ ಬರಬಾರದು. ನಾಯಿ ಮಾರಿ ದುಡ್ಡು ಮಾಡಿ ಅನ್ನುತ್ತಿಲ್ಲ; ಆಪರೇಷನ್, ಲಸಿಕೆಗೆ ಆದ ಖರ್ಚಿನಲ್ಲಿ ಒಂದು ಭಾಗ ಕೊಡಿ ಎಂದು ಕೇಳಿ. ಅದನ್ನೇ ಕೊಡಲು ಹಿಂದೆಮುಂದೆ ನೋಡುವವರು ನಾಳೆ ಪ್ಯಾಂಕ್ರಿಯಾಸ್ ಊದಿಕೊಂಡ ನಾಯಿಯನ್ನು ಡ್ರಿಪ್ಪಿಗೆ ಕರೆತರುವುದಿಲ್ಲ. ಮನೆಯ ವಿಳಾಸ ಹಾಕಬೇಡಿ, ರಾತ್ರಿ ಗೇಟಿಗೆ ಬೇರೆ ನಾಯಿ ಕಟ್ಟಿ ಹೋಗುತ್ತಾರೆ. ಮೊದಲು ಗೊತ್ತಿದ್ದವರಲ್ಲಿ ಹುಡುಕಿ: ನಾಯಿಯನ್ನು ವಾಕ್ ಕರೆದೊಯ್ಯುವ ಹುಡುಗ, ಎದುರುಮನೆಯವರ ಅಣ್ಣ, ಮುಂಚೆ ನಾಯಿ ಸಾಕಿ ಕಳೆದುಕೊಂಡವರು. ಅಪರಿಚಿತರು ಕೊನೆಗೆ.

ಫೋನಿನಲ್ಲಿ

ಮೊದಲ ಐದು ನಿಮಿಷ ನೀವು ಮಾತಾಡಬೇಡಿ, ಅವರನ್ನು ಮಾತಾಡಿಸಿ. ಮೊದಲು ಏನು ಕೇಳುತ್ತಾರೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. "ತಳಿಯ ಪೇಪರ್ ಇದೆಯಾ? ಎಷ್ಟು ಸಲ ಮರಿ ಹಾಕಿದೆ?" ಅಂದರೆ ವ್ಯಾಪಾರ. "ಗೋಡೌನಿಗೆ ಬೇಕಿತ್ತು" ಅಂದರೆ ಚೈನು. "ಮಗಳ ಬರ್ತ್‌ಡೇ ಶುಕ್ರವಾರ, ಸರ್ಪ್ರೈಸ್ ಕೊಡೋಣ ಅಂತ" ಅಂದರೆ ಮುಂದಿನ ತಿಂಗಳು ಅದೇ ನಾಯಿಯ ಫೋಟೋ ಇನ್ನೊಂದು ಗ್ರೂಪಿನಲ್ಲಿ. "ಏನು ತಿನ್ನುತ್ತೆ? ಒಂಟಿಯಾಗಿ ಎಷ್ಟು ಹೊತ್ತು ಇರುತ್ತೆ? ಯಾಕೆ ಕೊಡ್ತಿದೀರಿ?" ಎಂದು ಕೇಳುವವರ ನಂಬರನ್ನು ಬರೆದಿಟ್ಟುಕೊಳ್ಳಿ.

ನೀವು ಕೇಳಬೇಕಾದ್ದು: ಮುಂಚೆ ನಾಯಿ ಇತ್ತಾ, ಅದಕ್ಕೇನಾಯ್ತು? (ಇದಕ್ಕೆ ಬರುವ ಉತ್ತರದಷ್ಟು ಉಪಯೋಗದ್ದು ಬೇರೆ ಇಲ್ಲ. ‘ಹದಿಮೂರು ವರ್ಷ ಇತ್ತು, ಕಿಡ್ನಿ ಹೋಯ್ತು’ ಒಂದು ಥರ. ‘ಮೂರು ನಾಯಿ ಇದ್ವು, ಎಲ್ಲೋ ಹೋದ್ವು’ ಇನ್ನೊಂದು ಥರ.) ಯಾವ ಡಾಕ್ಟರಿಗೆ ತೋರಿಸುತ್ತಿದ್ದಿರಿ? ಸ್ವಂತ ಮನೆಯೋ ಬಾಡಿಗೆಯೋ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಬೆಳಿಗ್ಗೆ ಐದೂವರೆಗೆ ಏಳುವವರು ಯಾರು? ನಿಮ್ಮ ಮನೆಯಲ್ಲಿ ಮಾಂಸ ಮೊಟ್ಟೆ ಇಲ್ಲವಾದರೆ ಡಾಗ್‌ಫುಡ್ ತರಬಲ್ಲಿರಾ? ಮುಜುಗರ ಪಡಬೇಡಿ. ಮಗಳನ್ನು ಕೊಡುವಾಗ ಇದಕ್ಕಿಂತ ಜಾಸ್ತಿಯೇ ವಿಚಾರಿಸುತ್ತೀರಿ.

ತಳಿಯ ಬಗ್ಗೆ ಒಂದು ಮಾತು. 2020ರ ಆಗಸ್ಟಿನಲ್ಲಿ ಪ್ರಧಾನಿ ರೇಡಿಯೋದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಎರಡು ಬೆಡ್‌ರೂಮಿನ ಫ್ಲ್ಯಾಟಿನವರಿಗೂ ಅದು ಬೇಕಾಯಿತು. ಬಾಗಲಕೋಟೆಯ ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ ಅದು. ಓಟ ಸಿಗದಿದ್ದರೆ ಸೋಫಾ ಬಗೆಯುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿರ್ಬಂಧಿಸಲು ಸುತ್ತೋಲೆ ಹೊರಡಿಸಿದಾಗ ರಾಟ್‌ವೈಲರ್ ಇದ್ದವರು ಗಾಬರಿಬಿದ್ದು ಸಿಕ್ಕವರಿಗೆ ಕೊಡಲು ಹೊರಟರು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಮಾಡಿತು. ಪೇಪರಿನ ತಲೆಬರಹ ನೋಡಿ ನಾಯಿ ಕೊಡಬೇಡಿ. ಅಂಥ ತಳಿಗಳನ್ನು ಕೇಳಿಕೊಂಡು ಬರುವ ಹುಡುಗರಲ್ಲಿ ಬುಲೆಟ್ಟಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಲಿಕ್ಕೇ ಬರುವವರೂ ಇರುತ್ತಾರೆ, ಜೋಕೆ.

ಮನೆ ನೋಡಿ ಬರುವುದು

ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಹೋಗಿ. ಗೇಟಿನ ಕಂಬಿಗಳ ಸಂದಿ ನೋಡಿ, ಸಂಪಿನ ಮುಚ್ಚಳ ನೋಡಿ (ಮುಚ್ಚಳವಿಲ್ಲದ ಸಂಪಿಗೆ ಬಿದ್ದ ನಾಯಿ ಹತ್ತಲಾರದು), ಮಹಡಿಯ ಮೋಟುಗೋಡೆ ಎಷ್ಟೆತ್ತರ ನೋಡಿ. ಆಮೇಲೆ ಮಾತಾಡದೆ ಕೂತಿರುವವರು ಯಾರೆಂದು ನೋಡಿ. ಮಗ ಉತ್ಸಾಹದಿಂದ ಎಲ್ಲಾ ಹೇಳುತ್ತಿರುತ್ತಾನೆ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತ ತಾಯಿ ಒಂದು ಮಾತೂ ಆಡುವುದಿಲ್ಲ. ಅವನು ಆಫೀಸಿಗೆ ಹೋದ ಮೇಲೆ ನಾಯಿ ನೋಡಿಕೊಳ್ಳುವವರು ಅವರೇ. ಅವರನ್ನೇ ಕೇಳಿ, "ನಿಮಗೆ ಒಪ್ಪಿಗೆ ಇದೆಯಾ ಅಮ್ಮ?" ಅಂತ. "ಅವನಿಗೆ ಇಷ್ಟ ಅಲ್ವಾ, ಮಾಡ್ಕೊಳ್ಳಲಿ" ಅನ್ನುವುದು ಒಪ್ಪಿಗೆಯಲ್ಲ.

"ಅರ್ಧ ದಾರಿಗೆ ಬನ್ನಿ, ಟೋಲ್ ಹತ್ತಿರ ತಗೋತೀವಿ" ಅನ್ನುವವರಿಗೆ, ಮನೆ ತೋರಿಸಲು ಒಲ್ಲದವರಿಗೆ ಕೊಡಬೇಡಿ. ಇದಕ್ಕೆ ವಿನಾಯಿತಿ ಇಲ್ಲ.

ಒಪ್ಪಿಗೆಯಾದರೆ ಬಿಳಿ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ನಾಯಿಯ ವಿವರ, ಗುರುತಿನ ಚೀಟಿಯ ಪ್ರತಿ, ಲಸಿಕೆ ಯಾವಾಗ ಬಾಕಿ, ಮಾರುವಂತಿಲ್ಲ, ನಿಮ್ಮನ್ನು ಕೇಳದೆ ಇನ್ನೊಬ್ಬರಿಗೆ ಕೊಡುವಂತಿಲ್ಲ, ಮತ್ತು ಬೇಡವಾದರೆ ಯಾವ ಕಾರಣಕ್ಕೇ ಆಗಲಿ, ಎಷ್ಟು ದಿನ ಕಳೆದೇ ಇರಲಿ, ನಿಮಗೇ ವಾಪಸ್. ಇಂಥ ಹಾಳೆ ಕೋರ್ಟಿನಲ್ಲಿ ನಿಲ್ಲುತ್ತದೋ ಬಿಡುತ್ತದೋ ಆಮೇಲಿನ ಮಾತು. ನಾನು ಇದನ್ನು ಬರೆಸುವುದು ಕೊನೆಯ ಆ ಸಾಲಿಗಾಗಿ. ವಾಪಸ್ ಕೊಡಬಹುದು ಅಂತ ಗೊತ್ತಿದ್ದವರು ರಸ್ತೆಗೆ ಬಿಡುವುದಿಲ್ಲ. ನೀವೇ ದೇಶ ಬಿಟ್ಟು ಹೋಗುವವರಾದರೆ ಆ ಸಾಲಿನಲ್ಲಿ ಇಲ್ಲಿರುವ ಒಬ್ಬರ ಹೆಸರು ಬೇಕು. ತಮ್ಮನೋ, ಗೆಳತಿಯೋ, ಮೊದಲೇ ಕೇಳಿ ಒಪ್ಪಿಸಿರಬೇಕು.

ಬೀದಿಯ ಮರಿಗೆ ಮನೆ ಹುಡುಕುವವರಿಗೂ ಇದೇ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕು ಎಂದಿದೆ. ಮರಿಯಾಗಿದ್ದಾಗ ಎತ್ತಿಕೊಂಡು ಹೋಗಿ, ಬೆಳೆದ ಮೇಲೆ "ಇದ್ದ ಜಾಗಕ್ಕೇ ಬಿಟ್ವಿ" ಅನ್ನುವವರಿಗೆ ಇದನ್ನು ಮೊದಲೇ ತಿಳಿಸಿ.

ಕಳಿಸುವ ದಿನ

ದೀಪಾವಳಿ, ಗಣೇಶನ ಹಬ್ಬದ ವಾರ ಬೇಡ. ಬೇಸಿಗೆಯಾದರೆ ಬೆಳಗಿನ ಜಾವ. ಪಗ್, ಶಿಟ್ಜುಗಳಂಥ ಚಪ್ಪಟೆ ಮೂತಿಯವು ಮಧ್ಯಾಹ್ನದ ಕಾರಿನಲ್ಲಿ ಉಸಿರು ಕಟ್ಟಿಯೇ ಸಾಯಬಹುದು. ಬೆಲ್ಟಿಗೊಂದು ಹಗ್ಗ, ಹಾರ್ನೆಸ್ಸಿಗೊಂದು ಹಗ್ಗ, ಎರಡೂ ಕೈಯಲ್ಲಿರಲಿ. ಹೆದರಿದ ನಾಯಿ ಬೆಲ್ಟಿನಿಂದ ತಲೆ ಹಿಂದಕ್ಕೆಳೆದು ಹೇಗೆ ಜಾರಿಕೊಳ್ಳುತ್ತದೆ ಅನ್ನುವುದು ನೋಡಿದವರಿಗೇ ಗೊತ್ತು. ಅದು ಮಲಗುತ್ತಿದ್ದ ಹಳೆ ಬೆಡ್‌ಶೀಟನ್ನು ಒಗೆಯದೆ ಕೊಡಿ. ಒಂದು ವಾರಕ್ಕಾಗುವಷ್ಟು ಅದು ತಿನ್ನುವುದನ್ನೇ ಕಳಿಸಿ. ರಾಗಿ ಅಂಬಲಿ ಕುಡಿಯುತ್ತಿದ್ದ ನಾಯಿಗೆ ಒಂದೇ ದಿನಕ್ಕೆ ಪ್ಯಾಕೆಟ್ ಊಟ ಹಾಕಿದರೆ ಭೇದಿ ಗ್ಯಾರಂಟಿ.

ಹೊಸಬರಿಗೆ ಹೇಳಿ: ಮೊದಲ ಮೂರು ದಿನ ಮಂಚದ ಕೆಳಗೆ ಕೂತಿರಬಹುದು, ಊಟ ಬಿಡಬಹುದು, ಒಳಗೇ ಉಚ್ಚೆ ಹೊಯ್ಯಬಹುದು. ಸ್ನಾನ ಮಾಡಿಸಬೇಡಿ, ನೆಂಟರನ್ನು ಕರೆಯಬೇಡಿ, ಮಕ್ಕಳು ತಬ್ಬಿಕೊಳ್ಳುವುದು ಬೇಡ. ಮೂರು ವಾರಕ್ಕೆ ದಿನಚರಿ ಹಿಡಿಯುತ್ತದೆ, ಮೂರು ತಿಂಗಳಿಗೆ ನಿಮ್ಮದಾಗುತ್ತದೆ ಎಂದು ನಾಯಿಯವರ ನಡುವೆ ಒಂದು ಲೆಕ್ಕವಿದೆ. ಸುಮಾರಾಗಿ ಸರಿ, ಕೆಲವಕ್ಕೆ ಆರು ತಿಂಗಳೂ ಬೇಕು. ನಿಜವಾದ ಅಪಾಯ ಮೊದಲ ವಾರದ ಬಾಗಿಲು. ಹಾಲಿನವನು ಬಂದ, ಗೇಟು ತೆರೆಯಿತು, ನಾಯಿ ಹೋಯಿತು. ಗೊತ್ತಿಲ್ಲದ ಊರು, ಕರೆದರೆ ತಿರುಗಿ ನೋಡದಷ್ಟು ಹೆದರಿಕೆ. ಹಾಗಾಗಿ ಕಾಂಪೌಂಡಿನೊಳಗೂ ಹಗ್ಗದಲ್ಲೇ ಇರಲಿ. ತಪ್ಪಿಸಿಕೊಂಡರೆ ಗುಂಪು ಕಟ್ಟಿಕೊಂಡು ಅಟ್ಟಬೇಡಿ, ಇನ್ನಷ್ಟು ದೂರ ಓಡುತ್ತದೆ. ತಪ್ಪಿಸಿಕೊಂಡ ಜಾಗದಲ್ಲಿ ಆ ಬೆಡ್‌ಶೀಟು, ನೀರು, ಊಟ ಇಡಿ. ಹಳೆಯ ಮನೆಯವರಿಗೆ ತಕ್ಷಣ ಫೋನ್ ಮಾಡಿ. ಅವರ ದನಿಗೆ ಬರುತ್ತದೆ. ಹಳೆ ಮನೆ ಹತ್ತಿರವೇ ಇದ್ದರೆ ಅಲ್ಲಿಗೇ ಹೋಗಿರಲೂಬಹುದು.

ಹಳೆಯವರು ಮೊದಲ ಎರಡು ಮೂರು ವಾರ ನೋಡಲು ಹೋಗಬೇಡಿ. ವಿಡಿಯೋ ತರಿಸಿಕೊಳ್ಳಿ. ನೀವು ಬಂದು ಹೋದ ರಾತ್ರಿ ಅದು ಗೇಟಿನ ಹತ್ತಿರ ಕೂತು ಊಳಿಡುತ್ತದೆ, ಅಕ್ಕಪಕ್ಕದವರ ನಿದ್ದೆ ಕೆಡುತ್ತದೆ, ಹೊಸಬರ ಧೈರ್ಯವೂ ಕೆಡುತ್ತದೆ.

ಕಚ್ಚಿದ ನಾಯಿ, ವಯಸ್ಸಾದ ನಾಯಿ

ಮನುಷ್ಯರನ್ನು ಕಚ್ಚಿದ ನಾಯಿಯನ್ನು ಆ ದಿನದಿಂದ ಹತ್ತು ದಿನ ಎಲ್ಲಿಗೂ ಕಳಿಸಬೇಡಿ. ರೇಬಿಸ್ ಇದ್ದರೆ ಆ ಹತ್ತು ದಿನದೊಳಗೆ ನಾಯಿಯಲ್ಲಿ ತಿಳಿಯುತ್ತದೆ. ಕಚ್ಚಿಸಿಕೊಂಡವರ ಡಾಕ್ಟರಿಗೆ ಆ ನಾಯಿ ಬದುಕಿದೆಯೇ, ಹೇಗಿದೆ ಅನ್ನುವುದು ಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆನಾಯಿ, ಲಸಿಕೆ ಆಗಿದೆ ಅನ್ನುವ ಧೈರ್ಯದಲ್ಲಿ ಸುಮ್ಮನಿರಬಾರದು.

ಕಚ್ಚಿದ ವಿಷಯ ಮುಚ್ಚಿಟ್ಟು ಕೊಡುವುದನ್ನು ನಾನು ಕ್ಷಮಿಸುವುದಿಲ್ಲ. ಮುಂದಿನ ಸಲ ಅದು ಯಾರದೋ ಮಗುವಿನ ಮುಖವಾಗುತ್ತದೆ. ಏನು ಮಾಡಿದಾಗ ಕಚ್ಚಿತು, ಚರ್ಮ ಹರಿಯಿತೇ, ಮೊದಲ ಸಲವೇ ಎಂದು ಬಿಡಿಸಿ ಹೇಳಿ. ತಟ್ಟೆಗೆ ಕೈ ಹಾಕಿದಾಗ ಕಚ್ಚಿದ ನಾಯಿಗೆ ಮಕ್ಕಳಿಲ್ಲದ, ನಾಯಿ ತಿಳಿದವರ ಮನೆ ಸಿಗುತ್ತದೆ. ಕಾರಣವಿಲ್ಲದೆ, ಎಚ್ಚರಿಕೆ ಕೊಡದೆ, ಮತ್ತೆಮತ್ತೆ ಆಳವಾಗಿ ಕಚ್ಚುವ ನಾಯಿಗೆ ಸಿಗುವುದಿಲ್ಲ. ಸಿಕ್ಕರೂ ಕೊಡಬಾರದು. ಅಂಥದ್ದನ್ನು ಡಾಕ್ಟರು, ತರಬೇತುದಾರರು ನೋಡಿ ಕೈಚೆಲ್ಲಿದರೆ, ನೋವಿಲ್ಲದ ಸಾವಿನ ಮಾತನ್ನು ನಮ್ಮ ಡಾಕ್ಟರೇ ಎತ್ತುತ್ತಾರೆ. ಜೀವನವಿಡೀ ಕತ್ತಲೆ ಕೋಣೆಯಲ್ಲಿ ಕಟ್ಟಿಹಾಕಲು ಯಾರಿಗೋ ದಾಟಿಸುವುದಕ್ಕಿಂತ ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂರುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಇದ್ದಾರೆ.

ಹತ್ತು ದಾಟಿದ ನಾಯಿಗೆ ಜಾಹೀರಾತು ಹಾಕುವುದು ವ್ಯರ್ಥ. ಅದಕ್ಕೆ ಗೊತ್ತಿರುವ ಮುಖವೇ ಬೇಕು. ನೆಂಟರಲ್ಲಿ, ಹಳೆ ನೆರೆಯವರಲ್ಲಿ ಯಾರಾದರೂ ಒಪ್ಪಿದರೆ ಊಟ ಔಷಧಿಯ ಖರ್ಚನ್ನು ತಿಂಗಳು ತಿಂಗಳು ನೀವೇ ಕಳಿಸಿ, ನಮ್ಮಂಥ ಕ್ಲಿನಿಕ್ಕಿನಲ್ಲಿ ಅಡ್ವಾನ್ಸ್ ಇಟ್ಟು ಹೋಗಿ. ಹೊರದೇಶದಲ್ಲಿರುವ ಮಕ್ಕಳು ಹೀಗೆ ಮಾಡುವುದುಂಟು. ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸುವುದು ನನ್ನ ಕೆಲಸ.

ವಾಪಸ್ ಬಂದರೆ

ಬರುತ್ತವೆ. ಬಂದ ದಿನ ನಾಲ್ಕು ಮಾತು ಅನ್ನಬೇಕು ಅನ್ನಿಸುತ್ತದೆ, ಅನ್ನಬೇಡಿ. ರಸ್ತೆಗೆ ಬಿಡದೆ ನಿಮ್ಮ ಮನೆ ಬಾಗಿಲಿಗೆ ತಂದರಲ್ಲ. ಒಳಗೆ ಕೂರಿಸಿ ಕಾಫಿ ಕೊಟ್ಟು ಏನಾಯಿತೆಂದು ಪೂರ್ತಿ ಕೇಳಿ, ಬರೆದುಕೊಳ್ಳಿ. ಅಲ್ಲಿ ಎಷ್ಟು ಹೊತ್ತಿಗೆ ಬೊಗಳಿತು, ಯಾರನ್ನು ಕಂಡರೆ ಹೆದರಿತು, ಒಂಟಿಯಾಗಿ ಬಿಟ್ಟಾಗ ಏನು ಹರಿಯಿತು. ಒಂದು ವಾರ ನಾಯಿ ಮಲಗಲಿ. ಉಣ್ಣೆ ನೋಡಿ, ತೂಕ ನೋಡಿ, ಲಸಿಕೆ ಕಾರ್ಡ್ ವಾಪಸ್ ಬಂದಿದೆಯೇ ನೋಡಿ. ಆಮೇಲೆ ಹಳೆಯ ಜಾಹೀರಾತನ್ನೇ ತೆಗೆದು ಎರಡು ಸಾಲು ಸೇರಿಸಿ: "ಇನ್ನೊಂದು ನಾಯಿ ಇರುವ ಮನೆ ಆಗುವುದಿಲ್ಲ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಇರುವುದಿಲ್ಲ, ಬಾಗಿಲು ಕೆರೆಯುತ್ತಾಳೆ."